ಹಿಮ ಬಾಚುವ ಟ್ರಾಕ್ಟರ್

ಮಂಡ್ಯದ ಗದ್ದೆಯಲ್ಲಿ ಟ್ರಾಕ್ಟರಿನ ಹಿಂದೆ ನೇಗಿಲು ಜೋಡಿಸಲು ಮೂರು ಕೊಂಡಿಗಳಿರುತ್ತವಲ್ಲ, ಹ್ಯಾರಿ ಫರ್ಗುಸನ್ ರೂಪಿಸಿದ ಆ ವ್ಯವಸ್ಥೆಯೇ ಅಮೆರಿಕದ ಮಿನ್ನೆಸೋಟ ರಾಜ್ಯದ ಹೈನುಗಾರನ ಟ್ರಾಕ್ಟರಿನಲ್ಲೂ ಇದೆ. ಚಳಿಗಾಲ ಬಂತೆಂದರೆ ಅಲ್ಲಿ ನೇಗಿಲು ಇಳಿಯುತ್ತದೆ. ಬಾಗಿದ ಉಕ್ಕಿನ ಹಲಗೆಯೊಂದು ಅದೇ ಕೊಂಡಿಗಳಿಗೆ ಏರುತ್ತದೆ. ಉಳುವ ಯಂತ್ರ ಹಿಮ ಬಾಚುವ ಯಂತ್ರವಾಗುತ್ತದೆ.

ಇದು ಹವ್ಯಾಸದ ಮಾತಲ್ಲ. ಹಿಮ ಬಿತ್ತೆಂದು ಹಸು ಹಾಲು ನಿಲ್ಲಿಸುವುದಿಲ್ಲ. ತೊಟ್ಟಿ ತುಂಬುವುದರೊಳಗೆ ಹಾಲಿನ ಲಾರಿ ಕೊಟ್ಟಿಗೆ ಮುಟ್ಟದಿದ್ದರೆ ಕರೆದ ಹಾಲನ್ನು ಚೆಲ್ಲಬೇಕು. ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಬರಬೇಕಾದುದೂ ಅದೇ ದಾರಿಯಲ್ಲಿ.

ಹತ್ತಿಯಂತೆ ಕಾಣುವ ಹಿಮಕ್ಕೆ ತೂಕವೆಷ್ಟು? ಮನೆಯಿಂದ ಹೆದ್ದಾರಿಗೆ 200 ಮೀಟರ್ ದಾರಿ, 3 ಮೀಟರ್ ಅಗಲ, 30 ಸೆಂಟಿಮೀಟರ್ ಹಿಮ ಎಂದಿಟ್ಟುಕೊಳ್ಳಿ. ಒಟ್ಟು 180 ಘನಮೀಟರ್. ಘನಮೀಟರಿಗೆ 100 ಕಿಲೋ ಹಿಡಿದರೂ 18 ಟನ್! ಹಿಮ ಒದ್ದೆಯಾಗಿದ್ದರೆ ಇದರ ಎರಡು ಮೂರು ಪಟ್ಟು. ಸಲಿಕೆ ಹಿಡಿದವನ ಸೊಂಟಕ್ಕೆ ಮೀರಿದ ಲೆಕ್ಕ.

ಹಲಗೆಯನ್ನು ಹಿಂದೆ ಕಟ್ಟಿದರೆ ಜೋಡಿಸುವುದು ಸುಲಭ. ಆದರೆ ಚಕ್ರಗಳು ಮೊದಲೇ ಹಿಮವನ್ನು ತುಳಿದು ಗಟ್ಟಿಮಾಡುತ್ತವೆ. ಚಾಲಕನ ಕತ್ತು ದಿನವಿಡೀ ಹಿಂದಕ್ಕೇ ತಿರುಗಿರಬೇಕು. ಮುಂದೆ ಕಟ್ಟಿದರೆ ಕಣ್ಣಿಗೆ ಅನುಕೂಲ, ಚಕ್ರಕ್ಕೆ ತೊಂದರೆ. ಹಲಗೆಯನ್ನು ಎತ್ತಿದಾಗ ಮುಂದಿನ ಅಚ್ಚು ಏತದ ಆಧಾರದಂತಾಗಿ, ಹಿಂದಿನ ದೊಡ್ಡ ಚಕ್ರಗಳ ಮೇಲಿನ ಭಾರ ಇಳಿಯುತ್ತದೆ. ಎಳೆಯುವ ಚಕ್ರವೇ ಹಗುರಾದರೆ ಮಂಜುಗಡ್ಡೆಯ ಮೇಲೆ ಅದು ಸುತ್ತೀತೇ ಹೊರತು ಗಾಡಿ ಸರಿಯದು. ಅದಕ್ಕೇ ಹಿಂದಿನ ಕೊಂಡಿಗೆ ಕಾಂಕ್ರೀಟಿನ ದಿಮ್ಮಿ ತೂಗುಹಾಕುತ್ತಾರೆ, ಟೈರುಗಳಿಗೆ ಕಬ್ಬಿಣದ ಸರಪಣಿ ಸುತ್ತುತ್ತಾರೆ. ಕೆಲವರು ಟೈರಿನೊಳಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರು ತುಂಬುವುದುಂಟು. ಬರಿಯ ನೀರಾದರೆ ಹೆಪ್ಪುಗಟ್ಟುತ್ತದೆ. ಈ ಉಪ್ಪುನೀರು ಕಡುಚಳಿಗೂ ಜಗ್ಗುವುದಿಲ್ಲ. ಆದರೆ ಸೋರಿತೆಂದರೆ ಚಕ್ರದ ಕಬ್ಬಿಣಕ್ಕೆ ತುಕ್ಕು ತಪ್ಪಿದ್ದಲ್ಲ. ಡೀಸೆಲ್ಲೂ ಚಳಿಗಾಲದ್ದೇ ಬೇಕು. ಇಲ್ಲದಿದ್ದರೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಓಡಿಸುವುದರಲ್ಲೂ ಹದವಿದೆ. ಹಲಗೆಯನ್ನು ಓರೆಯಾಗಿಟ್ಟರೆ ಹಿಮ ಸುರುಳಿಯಾಗಿ ಪಕ್ಕಕ್ಕೆ ಉರುಳುತ್ತದೆ. ಜಲ್ಲಿ ದಾರಿಯಾದರೆ ಹಲಗೆಯ ಅಡಿಗೆ ಉಕ್ಕಿನ ಪಾದಗಳನ್ನಿಟ್ಟು ಕೊಂಚ ಎತ್ತರಿಸಬೇಕು, ಇಲ್ಲವಾದರೆ ಹಿಮದೊಂದಿಗೆ ಜಲ್ಲಿಯೂ ಹೊಲ ಸೇರುತ್ತದೆ. ಹೂತ ಕಲ್ಲಿಗೆ ತಾಗಿದಾಗ ಸ್ಪ್ರಿಂಗ್ ಇದ್ದ ಹಲಗೆ ಮಡಿಸಿಕೊಂಡು ಬಚಾವಾಗುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ಹಲಗೆ ಬಾಗುತ್ತದೆ, ಚಾಲಕನ ಹಣೆ ಗಾಜಿಗೆ ಬಡಿಯುತ್ತದೆ.

ಅನುಭವಸ್ಥ ಮೊದಲ ಹಿಮದಂದೇ ಬೇಕಾದುದಕ್ಕಿಂತ ಅಗಲವಾಗಿ ದಾರಿ ಬಿಡಿಸುತ್ತಾನೆ. ಅಂಚಿಗೆ ಬಿದ್ದ ರಾಶಿ ಕಲ್ಲಿನ ಗೋಡೆಯಾಗುತ್ತದೆ. ಪ್ರತಿ ಸಲವೂ ದಾರಿ ಒಂದು ಗೇಣು ಕಿರಿದಾಗುತ್ತ ಹೋಗುತ್ತದೆ. ಡಿಸೆಂಬರಿನಲ್ಲಿ ಸೋಮಾರಿತನ ಮಾಡಿದವನ ದಾರಿಗೆ ಫೆಬ್ರವರಿಯಲ್ಲಿ ಲಾರಿ ನುಗ್ಗದು.

ಡಿಸೆಂಬರಿನವರೆಗೆ ಕಾಯುವಂತೆಯೂ ಇಲ್ಲ. 1991ರ ಅಕ್ಟೋಬರ್ 31ರಂದು ಆರಂಭವಾದ ಬಿರುಗಾಳಿ ನವೆಂಬರ್ 3ರೊಳಗೆ ಮಿನ್ನೆಸೋಟದ ಡುಲುತ್ ನಗರದಲ್ಲಿ 36.9 ಅಂಗುಲ ಹಿಮ ಸುರಿಯಿತು. ಆದ್ದರಿಂದ ಜಾಣ ರೈತ ನೆಲ ಮೆತ್ತಗಿರುವಾಗಲೇ ದಾರಿಯ ಎರಡೂ ಅಂಚಿಗೆ ಗೂಟ ನೆಡುತ್ತಾನೆ. ಹಿಮ ಕವಿದ ಮೇಲೆ ದಾರಿ ಯಾವುದು, ಚರಂಡಿ ಯಾವುದು ಎಂದು ಹೇಳಲು ಆ ಗೂಟಗಳೇ ಉಳಿದಿರುತ್ತವೆ.