ಹಳೆಯ ಮೋಟಾರಿನ ಆಸನ

ಆಸನವೆಂಬ ಶಬ್ದವು ‘ಆಸ್’ ಎಂಬ ಧಾತುವಿನಿಂದ ಹುಟ್ಟಿದುದು. ಕುಳಿತುಕೊಳ್ಳುವ ಕ್ರಿಯೆಗೂ ಕುಳಿತುಕೊಳ್ಳುವ ಎಡೆಗೂ ಸಂಸ್ಕೃತದಲ್ಲಿ ಇದೊಂದೇ ಹೆಸರು. ಎಡೆಯು ಕೆಟ್ಟರೆ ಕ್ರಿಯೆಯೂ ಕೆಡುವುದೆಂಬುದನ್ನು ತಿಳಿಯಬೇಕಾದರೆ ಹಳೆಯ ಮೋಟಾರಿನಲ್ಲಿ ಒಂದು ಗಂಟೆ ಪ್ರಯಾಣ ಮಾಡಿದರೆ ಸಾಕು. ಇಂತಹ ಗಾಡಿಯನ್ನಿಟ್ಟುಕೊಂಡಿರುವ ಗೃಹಸ್ಥರು ಯಂತ್ರಕ್ಕೆ ಎಣ್ಣೆಯನ್ನೂ ಮೈಗೆ ಬಣ್ಣವನ್ನೂ ತಪ್ಪದೆ ಕೊಡಿಸುವರು; ಆಸನವನ್ನು ಮಾತ್ರ ಕಡೆಗಣಿಸುವರು.

ನಮ್ಮ ಮನೆಯಲ್ಲಿರುವುದು ತೀರ್ಥರೂಪರು 1974ನೆಯ ಇಸವಿಯಲ್ಲಿ ಕೊಂಡ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯನ್ನು ಅನುಸರಿಸಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಯ ನಿರ್ಮಾಣವು 2014ರಲ್ಲಿ ನಿಂತುಹೋಯಿತು. ಎಂಬತ್ತೈದು ವಯಸ್ಸಿನ ನಮ್ಮ ಮಾತೃಶ್ರೀಯವರು ವರುಷಕ್ಕೊಮ್ಮೆ ಮೈಸೂರಿನಿಂದ ಮೇಲುಕೋಟೆಗೆ ಇದರಲ್ಲಿಯೇ ಹೋಗಿಬರುವುದು ವಾಡಿಕೆ. ಎರಡು ವರುಷ ಅವರು ಹೊರಡಲಿಲ್ಲ. ಕೇಳಿದರೆ, “ದೇವರು ಮನೇಲೂ ಇದಾನಪ್ಪ” ಎಂದುಬಿಡುವರು. ಸೊಂಟದ ನೋವೆಂಬ ನಿಜವನ್ನು ಅವರ ಬಾಯಿಂದ ಹೊರಡಿಸಿದವರು ನಮ್ಮ ಮನೆಯವರು. ಗಾಡಿಯನ್ನು ಮಾರಿ ಹೊಸದನ್ನು ಕೊಳ್ಳೋಣವೆಂದು ಮಗನು ಹೇಳಿದನು. “ಅವರು ಕೂತ ಗಾಡಿ, ನಾನಿರೋ ತನಕ ಇರಲಿ” ಎಂದರು ಮಾತೃಶ್ರೀಯವರು. ಗಾಡಿಯೂ ಉಳಿಯಬೇಕು, ಅವರೂ ಅದರಲ್ಲಿ ಕುಳ್ಳಿರುವಂತಾಗಬೇಕು. ಇದೇ ನಮ್ಮ ಮುಂದಿದ್ದ ಸಮಸ್ಯೆ.

ಕುಷನ್ ಕೆಲಸದಲ್ಲಿಯೇ ತಲೆ ನರೆತ ಕುಶಲಿಗರೊಬ್ಬರನ್ನು ಕರೆಯಿಸಿ ಹಿಂದಿನ ಆಸನವನ್ನು ಕಳಚಿಸಿದೆವು. ಮೇಲಿನ ರೆಕ್ಸಿನ್ನು ನೋಡುವುದಕ್ಕೆ ಚೆನ್ನಾಗಿಯೇ ಇದ್ದಿತು. ಅದನ್ನು ಚೌಕಟ್ಟಿಗೆ ಬಿಗಿದಿದ್ದ ತಂತಿಯ ಉಂಗುರಗಳನ್ನು ಕತ್ತರಿಸಿದ ಮೇಲೆ ಒಳಗಿನ ಅವಸ್ಥೆಯು ಕಂಡಿತು. ತೆಂಗಿನ ನಾರಿನ ಮೆತ್ತೆಯು ಪುಡಿಯಾಗಿ ಉದುರಿದ್ದಿತು. ನಾಲ್ಕು ಸ್ಪ್ರಿಂಗುಗಳು ಮುರಿದಿದ್ದುವು. ಹೀಗೆ ಹಿಂಬದಿ ಕುಸಿದ ಆಸನದಲ್ಲಿ ಕುಳಿತವರ ನಡುವು ಹಿಂದಕ್ಕೆ ವಾಲಿ, ಬೆನ್ನಿನ ಕೆಳಭಾಗದ ಸಹಜವಾದ ಬಾಗು ಅಳಿಯುವುದು. ರಸ್ತೆಯ ಕುಲುಕೆಲ್ಲವೂ ಅಲ್ಲಿಗೇ ತಾಗುವುದು.

“ದಪ್ಪ ಫೋಮು ಹಾಕಿ ಮುಚ್ಚಿಬಿಟ್ಟರೆ ಆಗೋದಿಲ್ವೆ?” ಎಂದು ಮಗನು ಕೇಳಿದನು. “ಮೆತ್ತಗಿದ್ರೆ ಸಾಲ್ದು ಕಣಪ್ಪ, ತಡೀಬೇಕು. ಕೆಳಗೆ ಮೂಳೆ ಮುರಿದಿರುವಾಗ ಮೇಲೆ ಹತ್ತಿ ಇಟ್ಟು ಏನು ಬಂತು?” ಎಂದರು ಆ ವೃದ್ಧರು. ಪತಂಜಲಿಯು ಆಸನದಲ್ಲಿ ಸ್ಥೈರ್ಯವನ್ನೂ ಸುಖವನ್ನೂ ಜೊತೆಯಾಗಿಯೇ ಬಯಸಿರುವುದು ನಮಗೆ ಆಗ ಸ್ಮರಣೆಗೆ ಬಂದಿತು.

ಮೊದಲು ಚೌಕಟ್ಟಿನ ತುಕ್ಕನ್ನು ಉಜ್ಜಿಸಿ, ಬಿರುಕಿಗೆ ಬೆಸುಗೆ ಹಾಕಿಸಿ, ತುಕ್ಕು ತಡೆಯುವ ಬಣ್ಣವನ್ನು ಬಳಿಸಿದೆವು. ಬೆಸುಗೆಯನ್ನು ಗಾಡಿಯ ಹೊರಗೆಯೇ ಮಾಡಿಸತಕ್ಕದ್ದು. ಪೆಟ್ರೋಲಿರುವೆಡೆ ಕಿಡಿಯು ಸಲ್ಲದು. ಮುರಿದ ಸ್ಪ್ರಿಂಗುಗಳಿಗೆ ಬದಲಾಗಿ ಅದೇ ದಪ್ಪದ ತಂತಿಯವನ್ನು ಕೂಡಿಸಿ, ಒಂದಕ್ಕೊಂದನ್ನು ಗಟ್ಟಿ ಹುರಿಯಿಂದ ಕಟ್ಟಿ, ಮೇಲೆ ಗೋಣಿತಾಟನ್ನು ಎಳೆದು ಬಿಗಿದರು. ಇದಿಲ್ಲದಿದ್ದರೆ ತಂತಿಯು ಮೆತ್ತೆಯನ್ನು ಕೊರೆದುಬಿಡುವುದು. ಅದರ ಮೇಲೆ ರಬ್ಬರಿನ ಹಾಲು ಸೇರಿಸಿ ಒತ್ತಿದ ತೆಂಗಿನ ನಾರಿನ ಹಾಳೆ. ಅದರೊಳಗೆ ಗಾಳಿಯಾಡುವುದರಿಂದ ಬೇಸಗೆಯಲ್ಲಿ ಹಿತ. ಆಮೇಲೆ 1 ಅಂಗುಲದ ಗಟ್ಟಿ ಫೋಮು, ಎಲ್ಲಕ್ಕೂ ಮೇಲೆ ಅರ್ಧ ಅಂಗುಲದ ಮೃದು ಫೋಮು. ಅಂಗಡಿಯವರು ಫೋಮಿಗೆ 32, 40 ಎಂದು ಹೇಳುವ ಸಾಂದ್ರತೆಯ ಅಂಕೆಯು ಒಂದು ಘನ ಮೀಟರಿಗೆ ಎಷ್ಟು ಕಿಲೋ ತೂಕವೆಂಬುದನ್ನು ತಿಳಿಸುವುದೇ ಹೊರತು ಗಡಸುತನವನ್ನಲ್ಲ. ಗಡಸನ್ನು ಕುಳಿತು ನೋಡಿಯೇ ತಿಳಿಯಬೇಕು.

ಆದುದರಿಂದ ಹೊದಿಕೆ ಹೊಲಿಯುವುದಕ್ಕೆ ಮುಂಚೆಯೇ ಆಸನವನ್ನು ಗಾಡಿಯಲ್ಲಿಟ್ಟು, ಬಟ್ಟೆ ಹಾಸಿ, ಮಾತೃಶ್ರೀಯವರನ್ನು ಕುಳ್ಳಿರಿಸಿದೆವು. ಪಾದಗಳು ನೆಲಕ್ಕೆ ಪೂರ್ಣವಾಗಿ ತಾಗಬೇಕು. ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಮೂರು ಬೆರಳಿನ ಎಡೆಯಿರಬೇಕು. ತಲೆಯು ಸೂರಿಗೆ ಬಡಿಯಬಾರದು. ಅಂಚು ಎತ್ತರವಾಗಿದ್ದುದರಿಂದ ಅದನ್ನು ಸ್ವಲ್ಪ ಇಳಿಸಿದರು. ಸುರುಳಿ ಸುತ್ತಿದ ಟವಲನ್ನು ಸೊಂಟದ ಹಿಂದೆ ಮೇಲೆ ಕೆಳಗೆ ಸರಿಸಿ, ಹಿತವೆನಿಸಿದೆಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಷ್ಟೇ ದಪ್ಪದ ದಿಂಡನ್ನು ಒರಗಿನೊಳಗೆ ಸೇರಿಸಿದರು. ನೂರು ರೂಪಾಯಿನ ಟವಲು ಮಾಡಿದ ಈ ಪರೀಕ್ಷೆಯು ಸಾವಿರಾರು ರೂಪಾಯಿನ ಹೊದಿಕೆಗಿಂತ ಮುಖ್ಯವಾದುದು.

ಹೊದಿಕೆಗೆ ಹಳೆಯ ರೆಕ್ಸಿನ್ನಿನ ಹೊಲಿಗೆ ಬಿಚ್ಚಿ ಅದನ್ನೇ ಅಳತೆಯ ಮಾದರಿಯಾಗಿಟ್ಟುಕೊಂಡರು. ಬಣ್ಣವೂ ಅಂಚಿನ ಗೋಟೂ ಹಳೆಯವೇ. ಮೈ ಬೆವರುವ ನಡುಭಾಗಕ್ಕೆ ಮಾತ್ರ ದಪ್ಪನೆಯ ಹತ್ತಿಯ ಬಟ್ಟೆ. ಕಾರ್ಖಾನೆಯಿಂದ ಬಂದ ರೂಪವನ್ನು ಎಳೆಯಷ್ಟೂ ಬದಲಿಸಕೂಡದೆಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಜೀರ್ಣೋದ್ಧಾರವೆಂದರೆ ಆಕಾರವನ್ನು ಉಳಿಸಿ ಶಿಥಿಲವಾದುದನ್ನು ತೆಗೆಯುವುದೆಂದೇ ನಮ್ಮ ಭಾವನೆ. ಆದರೂ ಅವರ ಮಾತನ್ನು ತಳ್ಳಿಹಾಕದೆ, ಹಳೆಯ ತುಣುಕುಗಳನ್ನು ಗಂಟು ಕಟ್ಟಿ ಅಟ್ಟದಲ್ಲಿಟ್ಟಿದ್ದೇವೆ.

ಈ ವರುಷ ಮಾತೃಶ್ರೀಯವರು ಮೇಲುಕೋಟೆಗೆ ಬಂದರು. ಪಾಂಡವಪುರದಲ್ಲಿ ಅವರ ವಿಶ್ರಾಂತಿಗೆಂದು ಗಾಡಿಯನ್ನು ನಿಲ್ಲಿಸಲು, “ಯಾಕಪ್ಪ ನಿಲ್ಲಿಸ್ದೆ? ಹೊತ್ತಾಗತ್ತೆ, ನಡಿ” ಎಂದರು. ಅವರ ನೋವು ಹೋಯಿತೆಂದಲ್ಲ. ಈ ವಯಸ್ಸಿನ ನೋವನ್ನು ಯಾವ ಆಸನವೂ ಕಳೆಯಲಾರದು, ಹೆಚ್ಚಿಸದಿದ್ದರೆ ಅದೇ ಉಪಕಾರ.

ಹಳೆಯ ಗಾಡಿಯುಳ್ಳ ವಾಚಕರು ಒಂದು ದಿನ ಬಿಡುವು ಮಾಡಿಕೊಂಡು ಆಸನದ ಕೆಳಗೆ ಕೈಯಾಡಿಸಿ ನೋಡುವುದೊಳ್ಳೆಯದು. ನಾರಿನ ಪುಡಿಯು ಕೈಗೆ ಹತ್ತಿದರೆ ಒಳಗಿನದು ಸವೆಯುತ್ತಿದೆಯೆಂದು ತಿಳಿಯತಕ್ಕದ್ದು. ಮನೆಯ ಹಿರಿಯರು ಬಾಯಿಬಿಟ್ಟು ಹೇಳುವವರೆಗೆ ಕಾಯಬೇಕಾದುದಿಲ್ಲ. ಅವರು ಸಾಮಾನ್ಯವಾಗಿ ಹೇಳುವುದೂ ಇಲ್ಲ.