ಹರಿಪುರದ ಮೂರು ತಟ್ಟೆಗಳು

ಫೆಬ್ರವರಿಯಲ್ಲಿ ಎರಡು ದಿನ ರಜೆ ಕೂಡಿಬಂದಾಗ ನಾವು ಸಂಸಾರಸಮೇತರಾಗಿ ಪುಣೆಯಿಂದ ಸಾಂಗಲಿಗೆ ಹೊರಟೆವು. ದೇವದರ್ಶನವೆಂಬುದು ನೆಪ. ಗೆಡ್ಡೆ-ಗೆಣಸು ಒಣಗಿಸುವ ಬಿಸಿಗಾಳಿಯ ಯಂತ್ರ ಕೊಳ್ಳಲು ಅರ್ಧ ಹಣ ಒದಗಿಸಬೇಕೆಂದು ಭಾವನವರು ಕೇಳಿದ್ದರು. ಗುಮಾಸ್ತನ ಕೈಯಲ್ಲಿ ಹಣವೆಲ್ಲಿಯದು? ಆಫೀಸಿನ ಸೊಸೈಟಿಯಲ್ಲಿ ಸಾಲ ತೆಗೆಯಬೇಕು. ಕಣ್ಣಾರೆ ನೋಡಿದ ಮೇಲೆಯೇ ಮಾತು ಕೊಡುವುದೆಂದು ನಿಶ್ಚಯಿಸಿದ್ದೆವು.

ಸಾಂಗಲಿಯ ಪಕ್ಕದ ಹರಿಪುರದಲ್ಲಿ ವಾರಣಾ ನದಿ ಕೃಷ್ಣೆಯನ್ನು ಸೇರುತ್ತದೆ. ಸಂಗಮೇಶ್ವರನಿಗೆ ಕೈಮುಗಿದು ಊರೊಳಗೆ ನಡೆದರೆ ಎಲ್ಲೆಲ್ಲೂ ಅರಿಸಿನದ್ದೇ ಮಾತು. ಇಲ್ಲಿಯ ನೆಲದಲ್ಲಿ ಹಗೇವು ತೋಡಿ ಅರಿಸಿನವನ್ನು ಕೆಡದಂತೆ ಇಡುತ್ತಿದ್ದರು. ಮರಾಠಿಯವರು ಅದನ್ನು ಪೇವ ಎನ್ನುತ್ತಾರೆ. 2005ರ ಪ್ರವಾಹದಲ್ಲಿ ನೀರು ನುಗ್ಗಿ ಎಷ್ಟೋ ಹಗೇವುಗಳು ಹಾಳಾದವು. ಫ್ಲಾಟಿನಲ್ಲಿ ಬೆಳೆದ ನಮ್ಮ ಮಗನಿಗೆ ಹಗೇವು ಎಂದರೇನೆಂದು ತಿಳಿಸುವಷ್ಟರಲ್ಲಿ ಭಾವನವರ ಮನೆ ಬಂತು.

ಅಂಗಳದ ತುಂಬ ಬೇಯಿಸಿದ ಅರಿಸಿನದ ಕೊಂಬು ಹರಡಿತ್ತು. ಅದು ಹತ್ತು ಹದಿನೈದು ದಿನ ಬಿಸಿಲು ಕಾಯಬೇಕು, ಮುರಿದರೆ ಟಣ್ಣೆನ್ನಬೇಕು. ಹೋದ ವರ್ಷ ಅಕಾಲದ ಮಳೆ ಬಂದು ಅರ್ಧಕ್ಕರ್ಧ ಬೂಷ್ಟು ಹಿಡಿಯಿತಂತೆ.

ಪರಿಚಿತರೊಬ್ಬರ ಯಂತ್ರದಲ್ಲಿ ಪರೀಕ್ಷೆ ಮಾಡಿಸಿ ಭಾವನವರು ಮೂರು ತಟ್ಟೆ ಸಿದ್ಧವಾಗಿಟ್ಟಿದ್ದರು. ಮೊದಲನೆಯದರಲ್ಲಿ ಬಿಸಿಲಿಗೆ ಒಣಗಿಸಿದ ಅರಿಸಿನದ ಹೋಳು, ಮೇಲ್ಮೈ ಬಿಳಿಚಿಕೊಂಡಿತ್ತು. ಎರಡನೆಯದರಲ್ಲಿ 60 ಡಿಗ್ರಿ ಮೀರದ ಬಿಸಿಗಾಳಿಯಲ್ಲಿ ಒಣಗಿದ ಹೋಳು. ಹೊಸ ರವಿಕೆಯ ಬಣ್ಣ. ಮೂರನೆಯದರಲ್ಲಿ ಗಜ್ಜರಿ.

ಗಜ್ಜರಿಯ ಕಥೆಯೇ ಬೇರೆ. ಬೇಗ ಮುಗಿಯಲೆಂದು ಮೊದಲ ಸಲ ದಪ್ಪ ತುಂಡುಗಳಿಗೆ ಜೋರು ಶಾಖ ಕೊಟ್ಟಿದ್ದರು. ಒಳಗಿನ ನೀರು ಹೊರಗೆ ಬರುವ ಮುಂಚೆಯೇ ಹೊರಮೈ ಗಟ್ಟಿಯಾಗಿ ಚಿಪ್ಪು ಕಟ್ಟಿತು. ಮುಟ್ಟಿದರೆ ಒಣಗಿದಂತೆ, ಕೊಯ್ದರೆ ಒಳಗೆ ಹಸಿ. ಡಬ್ಬಿಯಲ್ಲಿ ಕೆಲವೇ ದಿನಕ್ಕೆ ಕೆಟ್ಟಿತು. ಎರಡನೆಯ ಸಲ ತೆಳ್ಳಗೆ ಹೆಚ್ಚಿ, ಕುದಿನೀರಿನಲ್ಲಿ ಕೆಲವು ನಿಮಿಷ ಅದ್ದಿ, ಮೆಲ್ಲಗೆ ಒಣಗಿಸಿದರು. ಕುದಿನೀರು ಕಾಣಿಸದಿದ್ದರೆ ಗಜ್ಜರಿಯೊಳಗಿನ ಕಿಣ್ವಗಳು ಒಣಗಿದ ಮೇಲೂ ಸುಮ್ಮನಿರುವುದಿಲ್ಲ. ಬಣ್ಣ ಮಾಸುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ಅದ್ದಿದ ನೀರಿನಲ್ಲಿ ‘ಸಿ’ ಜೀವಸತ್ವವೂ ಒಂದಿಷ್ಟು ಹೋಗುತ್ತದೆನ್ನಿ.

ನಮ್ಮ ಶ್ರೀಮತಿಯವರಿಗೆ ಇಷ್ಟು ವಿವರಣೆ ಸಾಲದು. ಒಂದು ಹಿಡಿ ನೆನೆಹಾಕಿ ಹುಳಿ ಮಾಡಿಯೇ ಬಿಟ್ಟರು. ಹೋಳು ಉಬ್ಬಿತು, ಆದರೆ ಮೊದಲಿನಷ್ಟಾಗಲಿಲ್ಲ. ಹಲ್ಲಿಗೆ ಸ್ವಲ್ಪ ನಾರು.

“ಹುಳಿಗೆ ಅಡ್ಡಿಯಿಲ್ಲ, ಕೋಸಂಬರಿಗೆ ಸಲ್ಲದು” ಎಂದು ತೀರ್ಪಿತ್ತರು.

ಊಟವಾದ ಮೇಲೆ ನಾವು ನಮ್ಮ ಅಭಿಪ್ರಾಯ ಹೇಳಿದೆವು: ಇಡೀ ಕೊಂಬಿಗೆ ಬಿಸಿಲೇ ಸಾಕು, ವಿದ್ಯುತ್ತಿನ ಖರ್ಚೇಕೆ? ಯಂತ್ರವೇನಿದ್ದರೂ ಹೋಳಿಗೆ, ತರಕಾರಿಗೆ.

“ಖರೇ ಅದ ರಾಯರ, ಬಿಸಿಲು ಪುಕ್ಕಟೆ. ಆದರ ಮಳೀ ಬಂದ್ರ?” ಎಂದರು ಭಾವನವರು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸೋಮವಾರ ಸೊಸೈಟಿಯ ಫಾರಂ ತಂದೆವು. ಜಾಮೀನಿಗೆ ಇಬ್ಬರು ಬೇಕು; ಒಬ್ಬರು ಸಿಕ್ಕಿದ್ದಾರೆ.