ಬಾಣದ ಗುರುತಿನ ವ್ಯಾಕರಣ

ಭಾಷೆ ಎಂದರೆ ನನ್ನ ಸೊತ್ತು ಎಂಬ ಜಂಬ ನನಗೆ ಸ್ವಲ್ಪ ಉಂಟು. ಹದಿನೆಂಟು ವರ್ಷದಿಂದ ಕಾಲೇಜಿನಲ್ಲಿ ಕೇಶಿರಾಜನನ್ನು ಪಾಠ ಹೇಳುತ್ತಿರುವವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ? ಹೋದ ರಜೆಯಲ್ಲಿ ನೀರಮಾನ್ವಿಗೆ ಹೋಗಿದ್ದಾಗ ಇಂಜಿನಿಯರಿಂಗ್ ಓದುವ ಅಣ್ಣನ ಮಗ ಒಂದು ಹಾಳೆಯ ತುಂಬ ಚೌಕಗಳನ್ನೂ ಬಾಣಗಳನ್ನೂ ಬರೆದು ತಂದು, "ಕಾಕಾ, ಇದೂ ಒಂದು ಭಾಷೆ" ಎಂದ. ನನಗೆ ನಗು ಬಂತು.

ಭಾಷೆಯ ಹೆಸರು ಸಿಸ್‌ಎಂಎಲ್, 2007ರಲ್ಲಿ ಹೊರಬಂದದ್ದು. ಅದರ ತಾಯಿ 1997ರ ಯುಎಂಎಲ್. ಹುಡುಗನೂ ಅವನ ಇಬ್ಬರು ಗೆಳೆಯರೂ ಸೇರಿ ಪಂಪ್‌ಸೆಟ್ಟಿಗೆ ಒಂದು ಪೆಟ್ಟಿಗೆ ಮಾಡಹೊರಟಿದ್ದರು. ಕರೆಂಟು ಬಂದೊಡನೆ ಅದು ತಾನೇ ಮೋಟಾರು ಸುರುಮಾಡಬೇಕು, ಬಾವಿ ತಳ ಕಂಡಾಗ ನಿಲ್ಲಿಸಬೇಕು, ಮಡಿಯಿಂದ ಮಡಿಗೆ ವಾಲ್ವು ತಿರುಗಿಸಬೇಕು. ಯಂತ್ರ, ವಿದ್ಯುತ್ತು, ಗಣಕ ಮೂರೂ ಕೂಡಿದ ಇಂಥ ವಿದ್ಯೆಗೆ 1969ರಲ್ಲಿ ಜಪಾನಿನ ಯಾಸ್ಕಾವಾ ಕಂಪನಿಯಲ್ಲಿ 'ಮೆಕಟ್ರಾನಿಕ್ಸ್' ಎಂದು ಹೆಸರಿಟ್ಟರು. ಸಂಧಿಯೋ ಸಮಾಸವೋ, ನಾನು ಕೇಳಲಿಲ್ಲ.

ಮೂವರಲ್ಲಿ ಜಗಳ ಹುಟ್ಟಿದ್ದು 'ನಿಲ್ಲು' ಎಂಬ ಒಂದು ಮಾತಿನಿಂದ. ಯಂತ್ರದವನಿಗೆ ನಿಲ್ಲುವುದೆಂದರೆ ಚಕ್ರ ತಿರುಗದಿರುವುದು. ವಿದ್ಯುತ್ತಿನವನಿಗೆ ಮೋಟಾರಿಗೆ ಕರೆಂಟು ಹೋಗದಿರುವುದು. ಪ್ರೋಗ್ರಾಂ ಬರೆಯುವವನಿಗೆ ಮುಂದಿನ ಅಪ್ಪಣೆಗಾಗಿ ಕಾಯುವುದು. ಕಾವ್ಯದಲ್ಲಿ ಇದು ಶ್ಲೇಷೆ, ಹೊಲದಲ್ಲಿ ಅಪಾಯ. ಬಾಣದ ಭಾಷೆಯಲ್ಲಿ ಅದಕ್ಕೆ ಅವಕಾಶ ಕಡಿಮೆ. ಒಂದೊಂದು ಸ್ಥಿತಿಗೂ ಒಂದೊಂದು ಚೌಕ. ಒಂದರಿಂದ ಇನ್ನೊಂದಕ್ಕೆ ಹೋಗಲು ಬಾಣ. ಬಾಣದ ಮೇಲೆ ಕಾರಣ. ಕಬ್ಬಿಣ ಕೊಳ್ಳುವ ಮುಂಚೆ, ರಬ್ಬರಿನಿಂದ ಅಳಿಸಬಹುದಾದ ಹೊತ್ತಿನಲ್ಲೇ ಜಗಳ ಮುಗಿಯಬೇಕಂತೆ.

ಅಣ್ಣ ಓದಿದ್ದು ನಾಲ್ಕನೆಯ ತರಗತಿ. ಎಲೆಯಡಿಕೆ ಹಾಕಿಕೊಳ್ಳುತ್ತ ಹಾಳೆಯನ್ನು ತೆಗೆದುಕೊಂಡ. ಮಗ ಒಂದೊಂದೇ ಚೌಕ ಓದಿ ಹೇಳಿದ. ಅಣ್ಣನ ಬೆರಳು 'ಕರೆಂಟು ಬಂತು' ಎಂಬ ಬಾಣದ ಮೇಲೆ ನಿಂತಿತು.

"ನಾ ಬಾವ್ಯಾಗ ಇಳಿದು ಮೋಟರ್ ಬಿಚ್ಚಿ ಕೈ ಹಾಕಿರ್ತೀನಿ. ಆವಾಗ ಕರೆಂಟ್ ಬಂದ್ರ?"

ಯಾರೂ ಮಾತಾಡಲಿಲ್ಲ. ಮೂವರು ಕುಳಿತು ಬರೆದ ಚಿತ್ರದಲ್ಲಿ ಮೋಟಾರಿತ್ತು, ನೀರಿತ್ತು, ಕರೆಂಟಿತ್ತು. ಬಾವಿಗೆ ಇಳಿದ ಮನುಷ್ಯ ಇರಲಿಲ್ಲ. ವ್ಯಾಕರಣದಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ. ಆದರೂ ಇಷ್ಟನ್ನು ನಾನು ಒಪ್ಪಬೇಕು: ಅದು ಬರೀ ಪ್ರೋಗ್ರಾಮಾಗಿದ್ದರೆ ಅಣ್ಣನಿಗೆ ಬೆರಳಿಡಲು ಜಾಗವೇ ಸಿಗುತ್ತಿರಲಿಲ್ಲ.

ಹುಡುಗ ಪೆನ್ಸಿಲ್ಲಿನಿಂದ ಹೊಸ ಚೌಕ ಬರೆದ: 'ರಿಪೇರಿ'. ಒಳಗೆ ಬರುವ ಬಾಣ, ಹೊರಗೆ ಹೋಗುವ ಬಾಣ, ಎರಡರ ಮೇಲೂ 'ಮನುಷ್ಯನ ಕೈಯಿಂದ ಮಾತ್ರ' ಎಂದು ಗುರುತು ಹಾಕಿದ.

"ಅದಕ್ಕೊಂದು ಕೀಲಿ ಹಚ್ಚು. ಕೀಲಿಕೈ ನನ್ನ ಉಡದಾರದಾಗ ಇರ್ಲಿ" ಎಂದ ಅಣ್ಣ.

ಹುಡುಗ ಅದನ್ನೂ ಬರೆದುಕೊಂಡ. ಉಡದಾರಕ್ಕೆ ಆ ಭಾಷೆಯಲ್ಲಿ ಗುರುತಿಲ್ಲವಂತೆ.